‘ಟಿಪ್ಸ್’ ವಿಡಿಯೊ ನೋಡಿದಿರಾ? ಕೈಹಾಕುವ ಮುನ್ನ ಹೀಗೆ ಪರೀಕ್ಷಿಸಿ

ಬೆರಳಿಗೆ ಸಿಕ್ಕಿಕೊಂಡ ಉಂಗುರವನ್ನು ದಾರ ಸುತ್ತಿ ತೆಗೆಯುವುದು, ನೀರಿಗೆ ಬಿದ್ದ ಮೊಬೈಲನ್ನು ಅಕ್ಕಿ ಡಬ್ಬಿಯಲ್ಲಿ ಹೂತಿಡುವುದು, ಸುಟ್ಟ ಗಾಯಕ್ಕೆ ಟೂತ್‌ಪೇಸ್ಟ್ ಬಳಿಯುವುದು. ಈ ಮೂರು ಸಲಹೆಗಳೂ ಅಂತರ್ಜಾಲದಲ್ಲಿ ಒಂದೇ ಧಾಟಿಯಲ್ಲಿ, ಅಷ್ಟೇ ಖಚಿತ ದನಿಯಲ್ಲಿ ಸಿಗುತ್ತವೆ. ಮೊದಲನೆಯದು ಆಸ್ಪತ್ರೆಗಳಲ್ಲೂ ಬಳಕೆಯಲ್ಲಿರುವ ವಿಧಾನ. ಎರಡನೆಯದನ್ನು ಫೋನ್ ತಯಾರಕರೇ ಬೇಡ ಎನ್ನುತ್ತಾರೆ. ಮೂರನೆಯದು ಗಾಯವನ್ನು ಇನ್ನಷ್ಟು ಕೆಡಿಸುತ್ತದೆ. ವಿಡಿಯೊ ನೋಡಿದ ಮಾತ್ರಕ್ಕೆ ಈ ವ್ಯತ್ಯಾಸ ತಿಳಿಯುವುದಿಲ್ಲ. ಐದು ಹಂತಗಳಲ್ಲಿ ವಿಚಾರಿಸಿ ನೋಡಿದರೆ ಕಾಳು ಯಾವುದು, ಜೊಳ್ಳು ಯಾವುದು ಎಂಬುದು ಬಹುಮಟ್ಟಿಗೆ ಗೊತ್ತಾಗುತ್ತದೆ.

1. ಕೆಲಸ ಮಾಡುವುದು ಯಾವುದು ಎಂದು ಕೇಳಿ

ಒಂದರೊಳಗೊಂದು ಸಿಕ್ಕಿಕೊಂಡ ಸ್ಟೀಲ್ ಲೋಟಗಳನ್ನು ಬಿಡಿಸಲು ಒಳಗಿನ ಲೋಟಕ್ಕೆ ತಣ್ಣೀರು ಹಾಕಿ, ಹೊರಗಿನದನ್ನು ಬಿಸಿನೀರಿನಲ್ಲಿ ಇಡಿ ಎನ್ನುತ್ತಾರೆ. ಕಾರಣ ಸ್ಪಷ್ಟ: ಬಿಸಿಗೆ ಹೊರಲೋಟ ಹಿಗ್ಗುತ್ತದೆ, ತಂಪಿಗೆ ಒಳಲೋಟ ಕುಗ್ಗುತ್ತದೆ. ಕಾರಣ ಗೊತ್ತಿದ್ದರೆ ಮಿತಿಯೂ ಗೊತ್ತಾಗುತ್ತದೆ. ಗಾಜಿನ ಲೋಟಕ್ಕೆ ಕುದಿನೀರು ತಾಗಿಸಿದರೆ ಬಿರುಕು ಬಿಡಬಹುದು, ಅದಕ್ಕೆ ಉಗುರುಬೆಚ್ಚಗಿನ ನೀರೇ ಸಾಕು.

ಈರುಳ್ಳಿ ಹೆಚ್ಚುವಾಗ ಬಾಯಲ್ಲಿ ಬ್ರೆಡ್ ತುಂಡು ಕಚ್ಚಿಕೊಳ್ಳಿ ಎಂಬ ಸಲಹೆಯನ್ನೂ ಹೀಗೇ ನೋಡಿ. ಈರುಳ್ಳಿಯ ಜೀವಕೋಶಗಳು ಸೀಳಿದಾಗ ಕಿಣ್ವಗಳ ಕ್ರಿಯೆಯಿಂದ ಆವಿಯಾಗುವ ಗಂಧಕಯುಕ್ತ ವಸ್ತುವೊಂದು ಹುಟ್ಟಿ ಕಣ್ಣಿಗೆ ತಾಗುತ್ತದೆ. ಇದಕ್ಕೆ ಕಾರಣವಾದ ಕಿಣ್ವವನ್ನು ಗುರುತಿಸಿದ್ದನ್ನು ಜಪಾನಿನ ಸಂಶೋಧಕರು 2002ರಲ್ಲಿ ಪ್ರಕಟಿಸಿದರು, 2013ರಲ್ಲಿ ಆ ಕೆಲಸಕ್ಕೆ, ನಗಿಸಿ ಯೋಚಿಸುವಂತೆ ಮಾಡುವ ಸಂಶೋಧನೆಗಳಿಗೆ ಕೊಡುವ ಇಗ್ ನೊಬೆಲ್ ಪುರಸ್ಕಾರ ಬಂತು. ಕಣ್ಣಿಗೆ ಬರುವ ಆವಿಯನ್ನು ಬಾಯಲ್ಲಿನ ಬ್ರೆಡ್ ತಡೆಯಲಾರದು. ಈರುಳ್ಳಿಯನ್ನು ಸ್ವಲ್ಪ ಹೊತ್ತು ಫ್ರಿಜ್‌ನಲ್ಲಿಟ್ಟು ಹರಿತವಾದ ಚಾಕುವಿನಿಂದ ಹೆಚ್ಚಿದರೆ ಉರಿ ಕಡಿಮೆ, ಏಕೆಂದರೆ ತಂಪಿನಲ್ಲಿ ಆವಿ ಏಳುವುದು ತಗ್ಗುತ್ತದೆ.

2. ಎಡವಟ್ಟಾದರೆ ಏನು ಹೋಗುತ್ತದೆ, ಲೆಕ್ಕ ಹಾಕಿ

ಈರುಳ್ಳಿಯ ಉಪಾಯ ಫಲಿಸದಿದ್ದರೆ ಎರಡು ಹನಿ ಕಣ್ಣೀರು, ಅಷ್ಟೇ. ಆದರೆ 2014ರಲ್ಲಿ, ಹೊಸ ಸಾಫ್ಟ್‌ವೇರ್ ಹಾಕಿದ ಐಫೋನನ್ನು ಮೈಕ್ರೊವೇವ್ ಒಲೆಯಲ್ಲಿಟ್ಟರೆ ಚಾರ್ಜ್ ಆಗುತ್ತದೆ ಎಂಬ ನಕಲಿ ಜಾಹೀರಾತು ಹರಿದಾಡಿತ್ತು. ಹಾಗೆ ಮಾಡಬೇಡಿ ಎಂದು ಲಾಸ್ ಏಂಜಲೀಸ್ ಪೊಲೀಸರು ಜನರನ್ನು ಎಚ್ಚರಿಸಬೇಕಾಯಿತು. 2016ರಲ್ಲಿ ಐಫೋನ್ 7ರಿಂದ ಹೆಡ್‌ಫೋನ್ ಕಿಂಡಿಯನ್ನು ತೆಗೆದಾಗ, ಡ್ರಿಲ್‌ನಿಂದ ತೂತು ಕೊರೆದರೆ ಒಳಗೇ ಕಿಂಡಿ ಸಿಗುತ್ತದೆಂದು ತೋರಿಸುವ ವಿಡಿಯೊ ಬಂತು. ಮಾಡಿದವರಿಗೆ ಅದು ತಮಾಷೆ, ನಂಬಿದವರಿಗೆ ಫೋನೇ ಹೋಯಿತು. ಹಿಂದಿರುಗಿಸಲಾಗದ ನಷ್ಟವಿದ್ದರೆ ಅಲ್ಲಿಗೇ ಕೈಬಿಡಿ.

3. ಈ ನಾಲ್ಕರಲ್ಲಿ ಪ್ರಯೋಗ ಬೇಡವೇ ಬೇಡ

ಮೈ: ಸುಟ್ಟ ಗಾಯಕ್ಕೆ ಪೇಸ್ಟ್, ಬೆಣ್ಣೆ, ಐಸ್ ಯಾವುದೂ ಬೇಡ. ಹರಿಯುವ ತಂಪು ನೀರಿಗೆ 20 ನಿಮಿಷ ಹಿಡಿಯಿರಿ. ಗಾಯ ದೊಡ್ಡದಿದ್ದರೆ, ಮುಖದ ಮೇಲಿದ್ದರೆ ವೈದ್ಯರಲ್ಲಿಗೆ ಹೋಗಿ.

ಕರೆಂಟು: ಮೈಕ್ರೊವೇವ್ ಒಲೆಯ ಟ್ರಾನ್ಸ್‌ಫಾರ್ಮರ್ ಕಳಚಿ ಮರದ ಹಲಗೆಯ ಮೇಲೆ ಮಿಂಚಿನಂಥ ಚಿತ್ತಾರ ಸುಡುವುದನ್ನು ಕಲಿಸುವ ವಿಡಿಯೊಗಳಿವೆ. ಅದರ ಸಾವಿರಾರು ವೋಲ್ಟ್ ತಾಗಿ ಹಲವರು ಸತ್ತಿದ್ದಾರೆ. ಅಮೆರಿಕದ ಮರಗೆಲಸಗಾರರ ಸಂಘವೊಂದು ತನ್ನ ಕಾರ್ಯಕ್ರಮಗಳಲ್ಲಿ ಇದನ್ನು ನಿಷೇಧಿಸಿದೆ.

ರಾಸಾಯನಿಕ: ಎರಡು ಕ್ಲೀನರ್ ಬೆರೆಸಿದರೆ ಹೆಚ್ಚು ಸ್ವಚ್ಛವಾಗುತ್ತದೆ ಎಂಬುದು ಸುಳ್ಳು. ಬ್ಲೀಚ್‌ಗೆ ಆಮ್ಲವಿರುವ ಟಾಯ್ಲೆಟ್ ಕ್ಲೀನರ್ ಅಥವಾ ವಿನೆಗರ್ ಸೇರಿದರೆ ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ. ಅಪ್ಪಿತಪ್ಪಿ ಬೆರೆತರೆ ತಕ್ಷಣ ಹೊರಗೆ ಗಾಳಿಗೆ ಬನ್ನಿ, ಉಸಿರು ಕಟ್ಟಿದರೆ 108ಕ್ಕೆ ಕರೆ ಮಾಡಿ.

ಬೆಂಕಿ: ಗ್ಯಾಸ್ ಸಿಲಿಂಡರ್, ರೆಗ್ಯುಲೇಟರ್, ಕುಕ್ಕರ್‌ನ ಸೇಫ್ಟಿ ವಾಲ್ವ್ ಇವುಗಳ ಮೇಲೆ ಯಾವ ಉಪಾಯವೂ ಬೇಡ.

4. ವಸ್ತು ತಯಾರಿಸಿದವರು ಏನು ಹೇಳುತ್ತಾರೆ ನೋಡಿ

ಒದ್ದೆಯಾದ ಫೋನನ್ನು ಅಕ್ಕಿಯಲ್ಲಿ ಇಡಬೇಡಿ, ಅಕ್ಕಿಯ ಸಣ್ಣ ಕಣಗಳು ಒಳಹೊಕ್ಕು ಹಾನಿ ಮಾಡಬಹುದು ಎಂದು ಆಪಲ್ ಕಂಪನಿ ಬಳಕೆದಾರರಿಗೆ ಸೂಚಿಸಿದೆ. ಚಾರ್ಜರ್ ಕಿತ್ತು, ಕಿಂಡಿ ಕೆಳಮುಖವಾಗಿ ಹಿಡಿದು ಅಂಗೈಗೆ ಮೆಲ್ಲಗೆ ತಟ್ಟಿ ನೀರು ಇಳಿಸಿ. ಗಾಳಿಯಾಡುವ ಒಣ ಜಾಗದಲ್ಲಿಡಿ. ಹೇರ್ ಡ್ರೈಯರ್ ಹಿಡಿಯಬೇಡಿ, ಕಿಂಡಿಗೆ ಹತ್ತಿ ಕಡ್ಡಿ ತೂರಿಸಬೇಡಿ.

5. ಅರ್ಧಕ್ಕೆ ಮಾತ್ರ ಮಾಡಿ, ಇನ್ನರ್ಧ ಹಾಗೇ ಬಿಡಿ

ಇಷ್ಟನ್ನೂ ದಾಟಿದ ಸಲಹೆಯನ್ನು ನೀವೇ ಪರೀಕ್ಷಿಸಬಹುದು. ಕಪ್ಪಿಟ್ಟ ತಾಮ್ರದ ಚೆಂಬಿನ ಒಂದು ಮಗ್ಗುಲನ್ನು ಹುಣಸೆಹಣ್ಣು, ಉಪ್ಪು ಹಚ್ಚಿ ತಿಕ್ಕಿ. ಇನ್ನೊಂದು ಮಗ್ಗುಲನ್ನು ಬರೀ ನೀರು ಹಾಕಿ ಅಷ್ಟೇ ಹೊತ್ತು, ಅಷ್ಟೇ ಬಲದಿಂದ ತಿಕ್ಕಿ. ಹುಣಸೆ ತಾಗಿದ ಕಡೆ ಗುಲಾಬಿ ಛಾಯೆಯ ಹೊಳಪು ಬರುತ್ತದೆ, ಏಕೆಂದರೆ ಹುಳಿಯಲ್ಲಿನ ಆಮ್ಲ ತಾಮ್ರದ ಮೇಲಿನ ಆಕ್ಸೈಡ್ ಪದರವನ್ನು ಕರಗಿಸುತ್ತದೆ. ನಮ್ಮ ಅಜ್ಜಿಯರ ಪದ್ಧತಿ ಇಲ್ಲಿ ಪಾಸು.

ಸಿಂಕಿನ ಕಲೆಗೆ ಅಡುಗೆ ಸೋಡಾ, ವಿನೆಗರ್ ಒಟ್ಟಿಗೆ ಸುರಿಯುವ ಸಲಹೆಯನ್ನೂ ಹೀಗೇ ನೋಡಿ. ನೊರೆ ಜೋರಾಗಿ ಉಕ್ಕುತ್ತದೆ, ಆದರೆ ಅದು ಇಂಗಾಲದ ಡೈ ಆಕ್ಸೈಡ್. ಕ್ಷಾರ ಆಮ್ಲವನ್ನು, ಆಮ್ಲ ಕ್ಷಾರವನ್ನು ತಣಿಸಿ ಉಳಿಯುವುದು ಹೆಚ್ಚುಕಡಿಮೆ ಉಪ್ಪುನೀರು. ಜಿಡ್ಡಿಗೆ ಸೋಡಾ, ಗಡಸುನೀರಿನ ಬಿಳಿ ಕಲೆಗೆ ವಿನೆಗರ್ ಬೇರೆಬೇರೆಯಾಗಿ ಬಳಸಿದರೇ ಹೆಚ್ಚು ಉಪಯೋಗ.

ಐದನ್ನೂ ದಾಟಿದ್ದು: ಉಂಗುರ ತೆಗೆಯುವ ಬಗೆ

* ಕೈಯನ್ನು ಎದೆಮಟ್ಟಕ್ಕಿಂತ ಮೇಲೆ ಕೆಲವು ನಿಮಿಷ ಎತ್ತಿ ಹಿಡಿಯಿರಿ, ಊತ ಸ್ವಲ್ಪ ಇಳಿಯುತ್ತದೆ.
* ನುಣುಪಾದ ಗಟ್ಟಿ ದಾರದ ಒಂದು ತುದಿಯನ್ನು ಉಂಗುರದಡಿ ತೂರಿಸಿ ಅಂಗೈ ಕಡೆಗೆ ಎಳೆದಿಡಿ.
* ಉಳಿದ ದಾರವನ್ನು ಉಂಗುರಕ್ಕೆ ಒತ್ತಿಕೊಂಡಂತೆ ಶುರುಮಾಡಿ, ಗೆಣ್ಣು ದಾಟುವವರೆಗೆ ಸಂದಿಲ್ಲದೆ ಬಿಗಿಯಾಗಿ ಸುತ್ತಿ.
* ಅಂಗೈ ಕಡೆಯ ತುದಿಯನ್ನು ಉಗುರಿನ ದಿಕ್ಕಿಗೆ ಎಳೆಯುತ್ತಾ ಬಿಚ್ಚಿ. ಸುತ್ತು ಬಿಚ್ಚಿದಂತೆ ಉಂಗುರ ಮುಂದೆ ಸರಿಯುತ್ತದೆ.

ಬೆರಳು ನೀಲಿಗಟ್ಟಿದ್ದರೆ, ಜೋಮು ಹಿಡಿದಿದ್ದರೆ, ಮುರಿದಿರುವ ಶಂಕೆಯಿದ್ದರೆ ದಾರ ಸುತ್ತಬೇಡಿ. ಆಸ್ಪತ್ರೆಯಲ್ಲಿ ಉಂಗುರ ಕತ್ತರಿಸಿ ತೆಗೆಯುತ್ತಾರೆ.

ಫಾರ್ವರ್ಡ್ ಮಾಡುವ ಮುನ್ನ

ಮನೆಮಂದಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ನೀವು ಕಳಿಸಿದ ವಿಡಿಯೊವನ್ನು ಮಕ್ಕಳೂ ಹಿರಿಯರೂ ನಿಮ್ಮ ಮಾತೆಂದೇ ನಂಬುತ್ತಾರೆ. ಆದ್ದರಿಂದ ಜೊತೆಗೆ ಎರಡು ಸಾಲು ಬರೆಯಿರಿ: ಇದನ್ನು ನೀವು ಮಾಡಿ ನೋಡಿದ್ದೀರಾ, ಯಾವಾಗ ಮಾಡಬಾರದು. ಆ ಎರಡು ಸಾಲು ಬರೆಯಲು ಆಗದಿದ್ದರೆ ವಿಡಿಯೊ ಕಳಿಸದಿರುವುದೇ ಒಳ್ಳೆಯದು.