ಮನೆಯಲ್ಲೇ ಮಕ್ಕಳ ಓದು: ಖರ್ಚೆಷ್ಟು, ಕಷ್ಟವೆಷ್ಟು?



ಜೂನ್ ತಿಂಗಳು ಹತ್ತಿರವಾದಂತೆ ನಮ್ಮ ಅನೇಕ ಮನೆಗಳಲ್ಲಿ ಕೇಳಿಬರುವುದು ಒಂದೇ ಮಾತು, ಶಾಲೆಯ ಶುಲ್ಕ. ಡೊನೇಷನ್, ಪುಸ್ತಕ, ಸಮವಸ್ತ್ರ, ಬೂಟು, ವ್ಯಾನಿನ ಬಾಡಿಗೆ ಎಲ್ಲ ಸೇರಿದಾಗ ಸಾಧಾರಣ ಸಂಬಳದ ಕುಟುಂಬ ಸಾಲಕ್ಕೆ ಕೈಯೊಡ್ಡಬೇಕಾಗುತ್ತದೆ. "ಇಷ್ಟೆಲ್ಲ ಯಾಕೆ, ಮನೆಯಲ್ಲೇ ಕಲಿಸಿದರಾಗದೇ?" ಎಂದು ಯೋಚಿಸುವವರೂ ಇದ್ದಾರೆ. 2020 ಮತ್ತು 2021ರಲ್ಲಿ ಕೊರೊನಾದಿಂದ ಶಾಲೆಗಳು ಮುಚ್ಚಿದಾಗ ಎಷ್ಟೋ ತಾಯಂದಿರು ಅನಿವಾರ್ಯವಾಗಿ ಶಿಕ್ಷಕಿಯರಾದರು. ಅದರಿಂದ ಕೆಲವರಿಗೆ ಧೈರ್ಯ ಬಂತು, ಕೆಲವರಿಗೆ ಸಾಕುಸಾಕಾಯಿತು. ಈ ವಿಷಯವನ್ನು ಸಮಾಧಾನವಾಗಿ ಯೋಚಿಸೋಣ.

ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರ ಅಕ್ಟೋಬರ್ 28ರಂದು ಹೊರಡಿಸಿದ ಕ್ರೈಸ್ತ ಶಿಕ್ಷಣದ ಘೋಷಣೆಯಲ್ಲಿ, ಮಕ್ಕಳಿಗೆ ಪ್ರಥಮ ಹಾಗೂ ಪ್ರಧಾನ ಶಿಕ್ಷಕರು ತಂದೆತಾಯಿಗಳೇ ಎಂದು ಧರ್ಮಸಭೆ ಬೋಧಿಸಿದೆ. ಇದನ್ನು ಹಿಡಿದುಕೊಂಡು ಶಾಲೆಯೇ ಬೇಡ ಎನ್ನುವವರು ಅದೇ ಘೋಷಣೆಯನ್ನು ಮುಂದಕ್ಕೂ ಓದಬೇಕು. ಶಾಲೆಗೆ ಅದು ವಿಶೇಷ ಸ್ಥಾನ ಕೊಟ್ಟಿದೆ. ಪೋಷಕರೂ ಶಿಕ್ಷಕರೂ ಕೂಡಿ ದುಡಿಯಬೇಕೆಂದು ಕೇಳಿದೆ.

ಇನ್ನು ನಮ್ಮ ದೇಶದ ಕಾನೂನು. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಆರರಿಂದ ಹದಿನಾಲ್ಕು ವರ್ಷದ ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಎಂದು ಅದರ 10ನೇ ಕಲಂ ಹೇಳುತ್ತದೆ. ಮನೆಯಲ್ಲಿ ಕಲಿಸುವ ಪೋಷಕರಿಗೆ ಇಂಥ ಶಿಕ್ಷೆ ಎಂದು ಕಾಯ್ದೆಯಲ್ಲಿ ಎಲ್ಲೂ ಬರೆದಿಲ್ಲ. ಮನೆಪಾಠಕ್ಕೆ ಸ್ಪಷ್ಟ ಒಪ್ಪಿಗೆಯನ್ನೂ ಕೊಟ್ಟಿಲ್ಲ. ಒಂದು ಎಚ್ಚರಿಕೆ ಮಾತ್ರ ಖಂಡಿತ ಬೇಕು. ನಾಲ್ಕು ಮನೆಯ ಮಕ್ಕಳನ್ನು ಕೂಡಿಸಿ, ಬೋರ್ಡು ಹಾಕಿ, ಮಾನ್ಯತೆ ಇಲ್ಲದೆ ಶಾಲೆ ನಡೆಸಿದರೆ 18ನೇ ಕಲಮಿನ ಪ್ರಕಾರ ಒಂದು ಲಕ್ಷ ರೂಪಾಯಿಯವರೆಗೆ ದಂಡ ಬೀಳಬಹುದು, ಮುಂದುವರಿಸಿದರೆ ದಿನಕ್ಕೆ ಹತ್ತು ಸಾವಿರ. ಒಳ್ಳೆಯ ಮನಸ್ಸಿನಿಂದ ಹೊರಟ ಕೆಲಸ ಇಲ್ಲಿ ಎಡವಬಾರದು.

ಕೇವಲ ಶುಲ್ಕ ಕಟ್ಟಲಾಗದೆ ಮಗುವನ್ನು ಮನೆಯಲ್ಲಿಟ್ಟುಕೊಳ್ಳುವುದು ನನ್ನ ದೃಷ್ಟಿಯಲ್ಲಿ ಸರಿಯಲ್ಲ. ಸರ್ಕಾರಿ ಶಾಲೆಯಲ್ಲಿ ಶುಲ್ಕವಿಲ್ಲ, ಪಠ್ಯಪುಸ್ತಕ ಉಚಿತ, ಮಧ್ಯಾಹ್ನದ ಬಿಸಿಯೂಟ ಉಂಟು. ಅಲ್ಲಿಗೆ ಕಳುಹಿಸಿದರೆ ಮರ್ಯಾದೆ ಹೋಯಿತು ಎಂಬ ಭಾವನೆ ನಮ್ಮಲ್ಲಿ ಯಾವಾಗ ಸೇರಿಕೊಂಡಿತೋ! ಅದಕ್ಕಿಂತ ದೊಡ್ಡ ಲೆಕ್ಕ ಇನ್ನೊಂದಿದೆ. ಮನೆಪಾಠದಲ್ಲಿ ಪುಸ್ತಕದ ಖರ್ಚು ಚಿಕ್ಕದು. ಒಬ್ಬರ ದುಡಿಮೆ ನಿಂತುಹೋಗುವುದೇ ದೊಡ್ಡ ಖರ್ಚು. ತಾಯಿ ಗಾರ್ಮೆಂಟ್ಸ್ ಕೆಲಸ ಬಿಟ್ಟು ಮನೆಯಲ್ಲಿ ಕೂತರೆ ತಿಂಗಳಿಗೆ ಎಷ್ಟು ಕಡಿಮೆಯಾಗುತ್ತದೆ ಎಂಬುದನ್ನು ಗಂಡ ಹೆಂಡತಿ ಇಬ್ಬರೂ ಕಾಗದದ ಮೇಲೆ ಬರೆದು ನೋಡಬೇಕು. ಹಾಗೆ ನೋಡಿದ ಮೇಲೂ ಮಗುವಿನ ಆರೋಗ್ಯಕ್ಕಾಗಿ, ಪದೇ ಪದೇ ಊರು ಬದಲಿಸುವ ಕೆಲಸಕ್ಕಾಗಿ ಅಥವಾ ಬೇರೆ ಬಲವಾದ ಕಾರಣಕ್ಕಾಗಿ ಮನೆಯಲ್ಲೇ ಕಲಿಸುವುದೆಂದು ನಿರ್ಧರಿಸಿದರೆ, ಸಾಮಗ್ರಿಗೆ ಹೆಚ್ಚು ಹಣ ಬೇಡ.

ರಾಜ್ಯದ ಪಠ್ಯಪುಸ್ತಕಗಳನ್ನು ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಿಂದಲೂ ಕೇಂದ್ರದ ಪುಸ್ತಕಗಳನ್ನು ಎನ್‌ಸಿಇಆರ್‌ಟಿಯ ಜಾಲತಾಣದಿಂದಲೂ ಉಚಿತವಾಗಿ ಇಳಿಸಿಕೊಳ್ಳಬಹುದು. ಕತೆ ಪುಸ್ತಕ ಬೇಕೆಂದರೆ ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಮಕ್ಕಳ ಪುಸ್ತಕಗಳು ಬೇಕಾದಷ್ಟಿವೆ. ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಹೋಗಿ. 2020ರಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ ಮಕ್ಕಳನ್ನು ಅಲ್ಲಿ ಉಚಿತವಾಗಿ ಸದಸ್ಯರನ್ನಾಗಿ ಮಾಡಿಕೊಂಡರು.

ವಿಜ್ಞಾನಕ್ಕೆ ಪ್ರಯೋಗಶಾಲೆ ಎಲ್ಲಿಂದ ತರುವುದು ಎಂದು ಕೇಳುತ್ತೀರಿ. 2018ರಲ್ಲಿ ಪದ್ಮಶ್ರೀ ಪಡೆದ ಅರವಿಂದ ಗುಪ್ತ ಕಾನ್ಪುರದ ಐಐಟಿಯಲ್ಲಿ ಎಂಜಿನಿಯರಿಂಗ್ ಓದಿದವರು. ಕಸದಿಂದ ಆಟಿಕೆ ಮಾಡಿ ಮಕ್ಕಳಿಗೆ ವಿಜ್ಞಾನ ತಿಳಿಸುವುದೇ ಅವರ ಜೀವನದ ಕೆಲಸವಾಯಿತು. ಅವರ ಒಂದು ಪಾಠವನ್ನು ನಿಮ್ಮ ಅಡುಗೆಮನೆಯಲ್ಲೇ ಮಾಡಬಹುದು. ಸೈಕಲ್ ರಿಪೇರಿ ಅಂಗಡಿಯಿಂದ ಒಂದಷ್ಟು ವಾಲ್ವ್ ಟ್ಯೂಬ್ ತನ್ನಿ. ಅದನ್ನು ಚಿಕ್ಕ ತುಂಡು ಮಾಡಿ, ಮದ್ದು ಕೆರೆದು ತೆಗೆದ ಬೆಂಕಿಕಡ್ಡಿಗಳನ್ನು ಎರಡೂ ಕಡೆಯಿಂದ ತೂರಿಸಿ. ಮೂರು ಕಡ್ಡಿಯಿಂದ ತ್ರಿಕೋನ, ನಾಲ್ಕರಿಂದ ಚೌಕ ಮಾಡಿ ಮಗುವಿನ ಕೈಗೆ ಕೊಡಿ, ಒತ್ತಿ ನೋಡಲಿ. ಚೌಕ ಓರೆಯಾಗುತ್ತದೆ, ತ್ರಿಕೋನ ಜಗ್ಗುವುದಿಲ್ಲ. ಚೌಕಕ್ಕೆ ಮೂಲೆಯಿಂದ ಮೂಲೆಗೆ ಇನ್ನೊಂದು ಸ್ವಲ್ಪ ಉದ್ದದ ಕಡ್ಡಿ ಸೇರಿಸಿದರೆ ಅದೂ ಗಟ್ಟಿಯಾಗುತ್ತದೆ. ಈಗ ಮಗುವನ್ನು ಹೊರಗೆ ಕರೆದುಕೊಂಡು ಹೋಗಿ ಹೆಂಚಿನ ಮಾಡಿನ ಮರಗಳನ್ನೂ ಹೈಟೆನ್ಷನ್ ಕಂಬದ ಪಟ್ಟಿಗಳನ್ನೂ ತೋರಿಸಿ, ತ್ರಿಕೋನ ಎಣಿಸಲು ಹೇಳಿ. ಉತ್ತರವನ್ನು ನೀವೇ ಮೊದಲು ಹೇಳಿಬಿಡಬೇಡಿ. ನಮ್ಮ ಹಿರಿಯರಿಗೆ ಇದು ಎಲ್ಲಕ್ಕಿಂತ ಕಷ್ಟದ ಕೆಲಸ!

ಲೆಕ್ಕಕ್ಕೆ ಹುಣಸೆಬೀಜ, ಕಿರಾಣಿ ಚೀಟಿ, ಬಸ್ ಟಿಕೆಟ್, ಕರೆಂಟ್ ಬಿಲ್ಲು ಇವೆ. ಹೋದ ತಿಂಗಳಿಗಿಂತ ಈ ತಿಂಗಳು ಎಷ್ಟು ಯೂನಿಟ್ ಹೆಚ್ಚಾಯಿತು ಎಂದು ಐದನೇ ತರಗತಿಯ ಮಗು ಲೆಕ್ಕ ಹಾಕಲಿ. ತಂದೆ ಗಾರೆ ಕೆಲಸದವರಾದರೆ ಅಳತೆ, ವಿಸ್ತೀರ್ಣ, ಸಿಮೆಂಟು ಮರಳಿನ ಪ್ರಮಾಣ ಅವರೇ ಹೇಳಿಕೊಡಲಿ. ನಜರೇತಿನ ಮನೆಯಲ್ಲಿ ಬಡಗಿಯ ಕೆಲಸವನ್ನು ಪ್ರಭು ಯೇಸು ಸಂತ ಜೋಸೆಫರ ಪಕ್ಕದಲ್ಲೇ ಕಲಿತರೆಂದು ನಾವು ನಂಬುತ್ತೇವಲ್ಲವೇ? ಕಲಿಸುವ ಹೊಣೆಯನ್ನು ತಾಯಿಯೊಬ್ಬಳ ಮೇಲೆ ಹೊರಿಸಿ ತಂದೆ ಟಿ.ವಿ. ಮುಂದೆ ಕೂರುವ ಮನೆಯಲ್ಲಿ ಈ ಪ್ರಯತ್ನ ಹೆಚ್ಚು ದಿನ ನಡೆಯದು.

ಎರಡು ಮೂರು ವಯಸ್ಸಿನ ಮಕ್ಕಳಿದ್ದರೆ ಒಬ್ಬೊಬ್ಬರಿಗೆ ಬೇರೆ ಬೇರೆ ವೇಳೆ ಇಡಲು ಹೊರಟು ಸುಸ್ತಾಗಬೇಡಿ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ ಆರಂಭವಾದ 'ನಲಿ ಕಲಿ' ಪದ್ಧತಿಯಲ್ಲಿ ಬೇರೆ ಬೇರೆ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕುಳಿತು, ಕಲಿಕಾ ಏಣಿಯಲ್ಲಿ ತಮ್ಮ ತಮ್ಮ ಮೆಟ್ಟಿಲು ಹತ್ತುತ್ತಾರೆ. ದೊಡ್ಡವರು ಚಿಕ್ಕವರಿಗೆ ನೆರವಾಗುತ್ತಾರೆ. ಅಕ್ಕ ತಮ್ಮನಿಗೆ ಓದಿ ಹೇಳಿದರೆ ಅಕ್ಕನ ಓದೇ ಗಟ್ಟಿಯಾಗುತ್ತದೆ. ಬೆಳಿಗ್ಗೆ ಎರಡು ಗಂಟೆ ಗಮನವಿಟ್ಟು ಕೂತರೆ ಸಣ್ಣ ಮಕ್ಕಳಿಗೆ ಸಾಕು. ಹಣ ಕೊಟ್ಟು ತರಲಾಗದ್ದು ಜೊತೆಗಾರರು ಮಾತ್ರ. ಭಾನುವಾರದ ಧರ್ಮೋಪದೇಶ ತರಗತಿ, ಬಲಿಪೂಜೆಯ ಗಾಯನವೃಂದ, ಸಂಜೆಯ ಆಟದ ಮೈದಾನ ಇವುಗಳಿಂದ ಅಂಥ ಮಗುವನ್ನು ದೂರವಿಡಬೇಡಿ.

ಕೊನೆಗೆ ಪರೀಕ್ಷೆ. ಮಗುವಿನ ಭವಿಷ್ಯ ಸಿಕ್ಕಿಕೊಳ್ಳುವುದು ಇಲ್ಲೇ. 1989ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಮುಕ್ತ ಶಾಲೆ, ಈಗಿನ ಎನ್‌ಐಒಎಸ್, ಹದಿನಾಲ್ಕು ವರ್ಷ ತುಂಬಿದವರಿಗೆ ಹತ್ತನೇ ತರಗತಿಗೆ ಪ್ರವೇಶ ಕೊಡುತ್ತದೆ. ಪ್ರಮಾಣಪತ್ರಕ್ಕೆ ಐದು ವಿಷಯಗಳಲ್ಲಿ ತೇರ್ಗಡೆಯಾಗಬೇಕು. ಒಂದೇ ಸಲಕ್ಕೆ ಎಲ್ಲವನ್ನೂ ಬರೆಯಬೇಕೆಂದಿಲ್ಲ, ಐದು ವರ್ಷದೊಳಗೆ ಮುಗಿಸಬಹುದು. ಅರ್ಜಿ ಹಾಕುವ ಮೊದಲು ಮಾಧ್ಯಮ ಮತ್ತು ಶುಲ್ಕವನ್ನು ಅವರ ಅಧ್ಯಯನ ಕೇಂದ್ರದಲ್ಲೇ ವಿಚಾರಿಸಿ. ನಮ್ಮ ರಾಜ್ಯದ ಎಸ್‌ಎಸ್‌ಎಲ್‌ಸಿಯನ್ನು ಖಾಸಗಿ ಅಭ್ಯರ್ಥಿಯಾಗಿ ಬರೆಯುವ ದಾರಿಯೂ ಉಂಟು.

ನಡುವೆ ಮನಸ್ಸು ಬದಲಾದರೆ ಬಾಗಿಲು ಮುಚ್ಚಿಲ್ಲ. ಶಾಲೆಗೆ ಸೇರದ ಅಥವಾ ನಡುವೆ ಬಿಟ್ಟ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಂಡು ವಿಶೇಷ ತರಬೇತಿ ಕೊಡಬೇಕೆಂದು ಶಿಕ್ಷಣ ಹಕ್ಕು ಕಾಯ್ದೆಯ 4ನೇ ಕಲಂ ಹೇಳುತ್ತದೆ. ಜನನ ಪ್ರಮಾಣಪತ್ರ, ಶಾಲೆ ಬಿಟ್ಟಿದ್ದರೆ ವರ್ಗಾವಣೆ ಪತ್ರ, ಪ್ರತಿ ತಿಂಗಳು ಏನು ಕಲಿತರೆಂದು ಬರೆದ ಒಂದು ನೋಟ್‌ಬುಕ್, ಇಷ್ಟನ್ನು ಒಂದು ಫೈಲಿನಲ್ಲಿ ಮೊದಲ ದಿನದಿಂದಲೇ ಜೋಪಾನವಾಗಿಡಿ.