ಆಕಾಶದ ಚಿತ್ರಗಳ ಬಣ್ಣ ನಿಜವೇ?

ಮಕ್ಕಳೇ, ಒಂದು ಚಳಿಗಾಲದ ರಾತ್ರಿ ಅಗರದಲ್ಲಿ ದೂರದರ್ಶಕದ ಮೂಲಕ ಮಹಾವ್ಯಾಧ ನೀಹಾರಿಕೆಯನ್ನು ತೋರಿಸುತ್ತಿದ್ದೆ. ಇಣುಕಿ ನೋಡಿದ ಹುಡುಗಿಯೊಬ್ಬಳ ಮುಖ ಸಪ್ಪಗಾಯಿತು. "ಬೂದಿ ಬಣ್ಣದ ಹೊಗೆಯ ಹಾಗಿದೆ. ಶಾಲೆಯ ಗೋಡೆಯ ಚಿತ್ರದಲ್ಲಿ ಕೆಂಪಗಿದೆಯಲ್ಲ ಸಾರ್, ಅದು ಸುಳ್ಳಾ?" ಎಂದಳು.

ಒಳ್ಳೆಯ ಪ್ರಶ್ನೆ. ಉತ್ತರ ಹುಡುಕೋಣ.

ನಮ್ಮ ಕಣ್ಣಿನಲ್ಲಿ ಬಣ್ಣ ಗುರುತಿಸುವ ಕೋಶಗಳಿಗೆ ಸಾಕಷ್ಟು ಬೆಳಕು ಬೇಕು. ಕತ್ತಲಲ್ಲಿ ಕೆಂಪು ದಾಸವಾಳವೂ ಬಣ್ಣಗೆಟ್ಟಂತೆ ಕಾಣುವುದು ಇದರಿಂದಲೇ. ಕ್ಯಾಮೆರಾ ಹಾಗಲ್ಲ. ಅದು ಬಹಳ ಹೊತ್ತು ಬೆಳಕನ್ನು ಕೂಡಿಸಿಕೊಳ್ಳುತ್ತದೆ. ನೀಹಾರಿಕೆಯ ಜಲಜನಕ ಹೊಮ್ಮಿಸುವ ಕೆಂಪು ಅದಕ್ಕೆ ಸಿಗುತ್ತದೆ. ಆ ಕೆಂಪು ನಿಜಬಣ್ಣವೇ.

ಹುಸಿಬಣ್ಣ ಎಂದರೇನು?

1995ರಲ್ಲಿ ಹಬಲ್ ದೂರದರ್ಶಕವು ಗರುಡ ನೀಹಾರಿಕೆಯಲ್ಲಿರುವ ಅನಿಲ ಮತ್ತು ಧೂಳಿನ ಕಂಬಗಳ ಚಿತ್ರ ತೆಗೆಯಿತು. ಅದರ ಕ್ಯಾಮೆರಾ ತೆಗೆಯುವುದು ಕಪ್ಪು-ಬಿಳುಪು ಚಿತ್ರಗಳನ್ನು. ಬೇರೆ ಬೇರೆ ಶೋಧಕಗಳನ್ನು ಇಟ್ಟು ಗಂಧಕ, ಜಲಜನಕ, ಆಮ್ಲಜನಕಗಳ ಬೆಳಕನ್ನು ಪ್ರತ್ಯೇಕವಾಗಿ ಹಿಡಿದರು. ಗಂಧಕ, ಜಲಜನಕ ಎರಡರ ಬೆಳಕೂ ಕೆಂಪು. ಹಾಗೆಯೇ ಬಿಟ್ಟರೆ ಯಾವುದು ಎಲ್ಲಿದೆ ಎಂದು ತಿಳಿಯದು. ಆದ್ದರಿಂದ ಗಂಧಕಕ್ಕೆ ಕೆಂಪು, ಜಲಜನಕಕ್ಕೆ ಹಸಿರು, ಆಮ್ಲಜನಕಕ್ಕೆ ನೀಲಿ ಎಂದು ಗೊತ್ತುಮಾಡಿ ಮೂರನ್ನೂ ಸೇರಿಸಿದರು.

ಇದು ಮೋಸವೇ? ನಿಮ್ಮ ಶಾಲೆಯ ಪ್ರಾಕೃತಿಕ ಭೂಪಟ ನೋಡಿ. ಬೆಟ್ಟಗಳಿಗೆ ಕಂದು ಬಣ್ಣ ಹಚ್ಚಿರುತ್ತಾರೆ. ಆದರೆ ನಮ್ಮ ಬಿಳಿಗಿರಿರಂಗನ ಬೆಟ್ಟವನ್ನು ಹತ್ತಿರದಿಂದ ನೋಡಿದರೆ ಹಸಿರು ಕಾಡು. ಭೂಪಟ ಸುಳ್ಳು ಹೇಳುತ್ತಿಲ್ಲ. ಅಲ್ಲಿ ಕಂದು ಎಂದರೆ ಎತ್ತರ. ಹುಸಿಬಣ್ಣವೂ ಹೀಗೆಯೇ ಒಂದು ಗುರುತು.

ಕಣ್ಣಿಗೆ ಕಾಣದ ಬೆಳಕು

2015ರ ಸೆಪ್ಟೆಂಬರ್ 28ರಂದು ಇಸ್ರೋ ಹಾರಿಸಿದ ಆಸ್ಟ್ರೋಸ್ಯಾಟ್ ಉಪಗ್ರಹದಲ್ಲಿ ಅತಿನೇರಳೆ ದೂರದರ್ಶಕವೊಂದಿತ್ತು. ಅದನ್ನು ಜೋಡಿಸಿದ್ದು ಹೊಸಕೋಟೆಯಲ್ಲಿ, ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ಕೇಂದ್ರದಲ್ಲಿ. ಅತಿನೇರಳೆ ಬೆಳಕು ನಮ್ಮ ಕಣ್ಣಿಗೆ ಕಾಣುವುದೇ ಇಲ್ಲ. ಅದರ ಚಿತ್ರಕ್ಕೆ ಬಣ್ಣ ಬೇಕೆಂದರೆ ನಾವೇ ಕೊಡಬೇಕು.

ಮಾಡಿ ನೋಡಿ

ಕೆಂಪು ದಾಸವಾಳವನ್ನು ಎಲೆಯೊಂದಿಗೆ ಬಿಸಿಲಿನಲ್ಲಿಡಿ. ಕೆಂಪು ಜಿಲೇಟಿನ್ ಕಾಗದದ ಮೂಲಕ ನೋಡಿ. ಹೂ ಹೊಳೆಯುತ್ತದೆ, ಎಲೆ ಕಪ್ಪಾಗುತ್ತದೆ. ಹಸಿರು ಕಾಗದದಲ್ಲಿ ಏನಾಗುತ್ತದೆ? ನೋಡಿ ಬರೆದಿಡಿ. ಶೋಧಕದ ಕೆಲಸವೂ ಇದೇ.

ಇನ್ನು ಮುಂದೆ ಆಕಾಶದ ಚಿತ್ರ ಕಂಡರೆ ಎರಡು ಪ್ರಶ್ನೆ ಕೇಳಿ: ಇದು ಯಾವ ಬೆಳಕಿನಲ್ಲಿ ತೆಗೆದದ್ದು? ಯಾವ ಬಣ್ಣ ಯಾವುದರ ಗುರುತು? ಅದನ್ನು ಚಿತ್ರದ ಕೆಳಗೆ ಬರೆದಿದ್ದರೆ ಹುಸಿಬಣ್ಣವೂ ನಿಜವನ್ನೇ ಹೇಳುತ್ತದೆ. ಬರೆಯದಿದ್ದರೆ, ಅಗರದ ಆ ಹುಡುಗಿಯಂತೆ ನಿಮ್ಮ ಶಿಕ್ಷಕರನ್ನು ಧೈರ್ಯವಾಗಿ ಕೇಳಿ.