ಹಳೆಯ ಕ್ಯಾಸೆಟ್ಟಿನ ದನಿ ಕಂಪ್ಯೂಟರಿಗೆ: ಮಾಡಬೇಕಾದ್ದು, ಮಾಡಬಾರದ್ದು

ಶಿವಮೊಗ್ಗ, ಭದ್ರಾವತಿ ಮತ್ತು ಸುತ್ತಲಿನ ಊರುಗಳಲ್ಲಿ ಅಟ್ಟದ ಮೇಲೋ ಟ್ರಂಕಿನೊಳಗೋ ಹಳೆಯ ಕ್ಯಾಸೆಟ್ ಇಟ್ಟುಕೊಂಡಿರುವ ಎಲ್ಲರಿಗೂ ಈ ಸೂಚನೆ. ನಿಮ್ಮಲ್ಲಿರುವುದು ಮದುವೆಮನೆಯ ಹಸೆಹಾಡಿರಬಹುದು, ಅಜ್ಜಿಯ ದೇವರನಾಮ ಇರಬಹುದು, ಬೆಳಗಿನ ಜಾವದವರೆಗೆ ನಡೆದ ತಾಳಮದ್ದಲೆ ಇರಬಹುದು. ಏನೇ ಇರಲಿ, ಒಂದು ಮಾತು ನೆನಪಿಡಿ. ಹಳೆಯ ಕ್ಯಾಸೆಟ್ಟಿನ ಮುಂದಿನ ಓಟವೇ ಅದರ ಕೊನೆಯ ಓಟವಾಗಬಹುದು. ಆದ್ದರಿಂದ ‘ಏನಿದೆ ನೋಡೋಣ’ ಎಂದು ಸುಮ್ಮನೆ ಹಾಕಬೇಡಿ. ಹಾಕುವುದಾದರೆ ದಾಖಲಿಸಿಕೊಳ್ಳಲು ಪೂರ್ತಿ ಸಿದ್ಧವಾಗಿಯೇ ಹಾಕಿ.

ಮೊದಲು ವಿಂಗಡಿಸಿ

ಅಂಗಡಿಯಲ್ಲಿ ಕೊಂಡ ಕ್ಯಾಸೆಟ್ ಬೇರೆ, ಮನೆಯಲ್ಲಿ ತುಂಬಿಸಿದ್ದು ಬೇರೆ ಇಡಿ. 1978ರಲ್ಲಿ ಬಂದ ‘ನಿತ್ಯೋತ್ಸವ’ ಕ್ಯಾಸೆಟ್ ನಮ್ಮೂರಿನವರಿಗೆ ಬಲು ಆಪ್ತ. ಅದರ ಹಾಡುಗಳನ್ನು ಬರೆದ ನಿಸಾರ್ ಅಹಮದ್ ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸಿದವರು. ಆದರೂ ಅದು ಕಾಯಬಲ್ಲದು, ಅದರ ಪ್ರತಿಗಳು ನಾಡೆಲ್ಲ ಇವೆ. ನಿಮ್ಮ ಅತ್ತೆಯ ದನಿಗೆ ಇನ್ನೊಂದು ಪ್ರತಿ ಇಲ್ಲ. ಮನೆಯಲ್ಲಿ ತುಂಬಿಸಿದ್ದನ್ನೇ ಮೊದಲು ಎತ್ತಿಕೊಳ್ಳಿ. ಅದರಲ್ಲೂ ಮತ್ತೂರು, ಹೊಸಹಳ್ಳಿಯ ಗಮಕ ವಾಚನದ ಖಾಸಗಿ ಧ್ವನಿಮುದ್ರಣ ಇದ್ದರೆ ಅದು ಸಾಲಿನಲ್ಲಿ ಎಲ್ಲಕ್ಕಿಂತ ಮುಂದೆ ಬರಲಿ. ವ್ಯಾಖ್ಯಾನಕ್ಕೆ ಹೆಸರಾದ ಮತ್ತೂರು ಕೃಷ್ಣಮೂರ್ತಿಯವರು 2011ರಲ್ಲಿ ತೀರಿಕೊಂಡರು. ಪದ್ಮಶ್ರೀ ಪಡೆದ ಗಮಕಿ ಹೊಸಹಳ್ಳಿ ಕೇಶವಮೂರ್ತಿಯವರು 2022ರಲ್ಲಿ ಹೋದರು. ಅಂಥವರು ಒಂದು ಮನೆಯ ಜಗಲಿಯಲ್ಲಿ ಕೂತು ಓದಿದ ಒಂದು ಸಂಜೆ ನಿಮ್ಮ ಟ್ರಂಕಿನಲ್ಲಿ ಬಿಟ್ಟು ಬೇರೆಲ್ಲೂ ಇರಲಾರದು.

ವಿಂಗಡಿಸುವಾಗಲೇ ಕ್ಯಾಸೆಟ್ಟಿನ ಬೆನ್ನಿನಲ್ಲಿರುವ ಎರಡು ಪುಟ್ಟ ಪ್ಲಾಸ್ಟಿಕ್ ಹಲ್ಲುಗಳನ್ನು ಮುರಿದುಬಿಡಿ. ಅವು ಇದ್ದರೆ ತಪ್ಪಿ ರೆಕಾರ್ಡ್ ಗುಂಡಿ ಒತ್ತಿದಾಗ ಹಳೆಯದು ಅಳಿಸಿ ಹೋಗುತ್ತದೆ. ಇದನ್ನು ನಾಳೆಗೆ ಬಿಡಬೇಡಿ.

ಬೂಷ್ಟು, ಬಿಸಿಲು, ಮಳೆ

ಮಲೆನಾಡಿನ ತೇವಕ್ಕೆ ಟೇಪಿನ ಅಂಚಿನಲ್ಲಿ ಬಿಳಿ ಚುಕ್ಕೆಯಂತೆ ಬೂಷ್ಟು ಕೂರುತ್ತದೆ. ಕ್ಯಾಸೆಟ್ಟನ್ನು ಬೆಳಕಿಗೆ ಹಿಡಿದು ನಡುವಿನ ಪಾರದರ್ಶಕ ಕಿಂಡಿಯಲ್ಲಿ ನೋಡಿ. ಕಂಡರೆ ಅದನ್ನು ಬೇರೆ ಚೀಲದಲ್ಲಿ ಕಟ್ಟಿಡಿ, ಯಾವ ಯಂತ್ರಕ್ಕೂ ಹಾಕಬೇಡಿ. ಬೂಷ್ಟು ಟೇಪಿನಿಂದ ದನಿ ಓದುವ ಹೆಡ್ಡಿಗೆ ಮೆತ್ತಿಕೊಂಡು ಮುಂದಿನ ಕ್ಯಾಸೆಟ್ಟಿಗೂ ದಾಟುತ್ತದೆ. ಅಂಥದ್ದನ್ನು ಬಲ್ಲವರಿಗೇ ಕೊಡಿ. ಹಪ್ಪಳದಂತೆ ಬಿಸಿಲಿಗೆ ಒಣಹಾಕುವುದಂತೂ ಕೂಡದು. ಬಿಸಿಗೆ ಪ್ಲಾಸ್ಟಿಕ್ ಕವಚ ಡೊಂಕಾಗುತ್ತದೆ, ಟೇಪು ಸುಕ್ಕುಗಟ್ಟುತ್ತದೆ. ಹೇರ್ ಡ್ರೈಯರ್ ಕೂಡ ಬೇಡ. ಪುನರ್ವಸು, ಪುಷ್ಯ ಮಳೆ ಸುರಿಯುವಾಗ ಈ ಕೆಲಸಕ್ಕೆ ಕೈಹಾಕಬೇಡಿ. ಶಿವರಾತ್ರಿಯಿಂದ ಮುಂಗಾರು ಶುರುವಾಗುವವರೆಗಿನ ಒಣ ದಿನಗಳಲ್ಲಿ ಮಾಡಿ.

ಟೇಪು ತುಂಡಾಗಿದ್ದರೆ ಸೆಲ್ಲೋಟೇಪ್ ಅಂಟಿಸಬೇಡಿ. ಅದರ ಗೋಂದು ಜಿನುಗಿ ಮುಂದಿನ ಸುತ್ತುಗಳಿಗೂ ಹಿಡಿಯುತ್ತದೆ. ಇದಕ್ಕೆಂದೇ ಇರುವ ಜೋಡಿಸುವ ಟೇಪ್ ತರಿಸಿ. ಟೇಪನ್ನು ಹೆಡ್ಡಿಗೆ ಒತ್ತುವ ಪುಟ್ಟ ಸ್ಪಂಜು ಉದುರಿದ್ದರೆ, ರೀಲುಗಳನ್ನು ಸ್ಕ್ರೂ ಇರುವ ಇನ್ನೊಂದು ಕವಚಕ್ಕೆ ಬದಲಾಯಿಸಬೇಕು. ಬಿಚ್ಚುವ ಮೊದಲು ಫೋಟೋ ತೆಗೆದುಕೊಳ್ಳಿ. 120 ನಿಮಿಷದ ಕ್ಯಾಸೆಟ್ಟಿನ ಟೇಪು ತೀರಾ ತೆಳು, ಸುಮಾರು 9 ಮೈಕ್ರಾನ್. 60 ನಿಮಿಷದ್ದರ ಅರ್ಧದಷ್ಟು ದಪ್ಪ ಮಾತ್ರ. ಅದನ್ನು ಯಂತ್ರದಲ್ಲಿ ಜೋರಾಗಿ ಮುಂದೆ ಹಿಂದೆ ಓಡಿಸಬೇಡಿ. ಯಾವ ಕ್ಯಾಸೆಟ್ಟನ್ನಾದರೂ ಮೊದಲು ಪೆನ್ಸಿಲ್ ತೂರಿಸಿ ಕೈಯಲ್ಲೇ ತಿರುಗಿಸಿ ನೋಡಿ. ಸಲೀಸಾಗಿ ತಿರುಗದಿದ್ದರೆ ಅಲ್ಲಿಗೇ ನಿಲ್ಲಿಸಿ.

ಯಂತ್ರ

ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ, ವಾಕ್‌ಮನ್ ಥರದ ಯುಎಸ್‌ಬಿ ‘ಕನ್ವರ್ಟರ್’ ನಂಬಬೇಡಿ. ಅದರಲ್ಲಿ ಓಟ ಸಮನಾಗಿರುವುದಿಲ್ಲ, ಶ್ರುತಿ ಅಲ್ಲಾಡುತ್ತದೆ. ಒಳ್ಳೆಯ ಹಳೆಯ ಡೆಕ್ ಒಂದನ್ನು ಹುಡುಕಿ, ಬೆಲ್ಟ್ ಹೊಸದು ಹಾಕಿಸಿ. ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ. ಸ್ಯಾನಿಟೈಸರ್, ಥಿನ್ನರ್, ಪೆಟ್ರೋಲ್ ಯಾವುದೂ ಹತ್ತಿರ ಬರಬಾರದು. ಮೊದಲು ಹೋದರೂ ಚಿಂತೆಯಿಲ್ಲದ ಕ್ಯಾಸೆಟ್ ಒಂದನ್ನು ಹಾಕಿ ಪರೀಕ್ಷಿಸಿ.

ಸ್ಪೀಕರಿನ ಮುಂದೆ ಮೊಬೈಲ್ ಇಟ್ಟು ರೆಕಾರ್ಡ್ ಮಾಡಬೇಡಿ. ಡೆಕ್ಕಿನ ಲೈನ್-ಔಟ್‌ನಿಂದ ಯುಎಸ್‌ಬಿ ಸೌಂಡ್ ಕಾರ್ಡಿನ ಲೈನ್-ಇನ್‌ಗೆ ತಂತಿ ಎಳೆಯಿರಿ. ಲ್ಯಾಪ್‌ಟಾಪಿನಲ್ಲಿ ಒಂದೇ ತೂತಿದ್ದರೆ ಅದು ಹೆಡ್‌ಫೋನ್ ಮತ್ತು ಮೈಕಿನದು, ಅದಕ್ಕೆ ಸಿಕ್ಕಿಸಬೇಡಿ. ಅತಿ ಜೋರಿನ ಜಾಗದಲ್ಲೂ ಮಟ್ಟ ಮೈನಸ್ 6 ಡೆಸಿಬಲ್ ದಾಟದಂತೆ ಇಡಿ. ಅಂಚು ಮುಟ್ಟಿ ಒಡೆದ ದನಿಯನ್ನು ಆಮೇಲೆ ಸರಿಮಾಡಲಾಗದು.

ಇನ್ನು ಬಹುಪಾಲು ಜನ ಬಿಟ್ಟೇಬಿಡುವ ಕೆಲಸ. ಕ್ಯಾಸೆಟ್ ತುಂಬಿಸಿದ ಯಂತ್ರದ ಹೆಡ್ ನಿಂತಿದ್ದ ಕೋನ ಒಂದು, ನಿಮ್ಮ ಡೆಕ್ಕಿನ ಹೆಡ್ ನಿಂತಿರುವ ಕೋನ ಇನ್ನೊಂದು. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಮೇಲಿನ ಸ್ಥಾಯಿಯ ಕಂಪನಗಳೆಲ್ಲ ಮಾಯವಾಗಿ ದನಿ ಕಂಬಳಿ ಹೊದ್ದಂತೆ ಕೇಳುತ್ತದೆ. ಜನ ಇದನ್ನೇ ‘ಟೇಪು ಹಳೇದಾಗಿದೆ’ ಎಂದು ತಿಳಿಯುತ್ತಾರೆ. ಹೆಡ್ಡಿನ ಪಕ್ಕದಲ್ಲಿ ಸ್ಪ್ರಿಂಗಿನ ಮೇಲೆ ಕೂತ ಪುಟ್ಟ ಸ್ಕ್ರೂ ಇರುತ್ತದೆ. ಕ್ಯಾಸೆಟ್ ಓಡುತ್ತಿರುವಾಗ ಅದನ್ನು ಒಂದಿಷ್ಟೇ ಅತ್ತಿತ್ತ ತಿರುಗಿಸಿ, ಹೆಡ್‌ಫೋನ್ ಹಾಕಿಕೊಂಡು ಸಕಾರ, ಶಕಾರಗಳಿಗೆ ಕಿವಿಗೊಡಿ. ‘ಸ’ ಯಾವಾಗ ಚೂಪಾಗಿ ಕೇಳುತ್ತದೋ, ‘ಶ’ ಅದರಿಂದ ಬೇರೆಯಾಗಿ ಯಾವಾಗ ನಿಲ್ಲುತ್ತದೋ ಅದೇ ಸರಿಯಾದ ಜಾಗ. ಷಟ್ಪದಿ ಓದುವವರ ಉಚ್ಚಾರದ ಶುದ್ಧಿಯೆಲ್ಲ ಇರುವುದು ಅಲ್ಲೇ. ಪ್ರತಿ ಕ್ಯಾಸೆಟ್ಟಿಗೂ, ಅದರ ಎರಡೂ ಬದಿಗೂ ಇದನ್ನು ಬೇರೆ ಬೇರೆಯಾಗಿ ಮಾಡಿ. ಅರ್ಧ ನಿಮಿಷ ಓಡಿಸಿ ಹೊಂದಿಸಿ, ಆಮೇಲೆ ಮೊದಲಿಂದ ದಾಖಲಿಸಿ.

ವೇಗವನ್ನೂ ನೋಡಿ. ಕ್ಯಾಸೆಟ್ ಓಡಬೇಕಾದ್ದು ಸೆಕೆಂಡಿಗೆ 4.76 ಸೆಂಟಿಮೀಟರ್. ಸೆಲ್ ಇಳಿದ ಟೇಪ್ ರೆಕಾರ್ಡರಿನಲ್ಲಿ ತುಂಬಿಸಿದ್ದರೆ ಆಗ ಟೇಪು ನಿಧಾನವಾಗಿ ಓಡಿರುತ್ತದೆ, ಈಗ ಹಾಕಿದರೆ ಗಂಡಸರ ದನಿಯೂ ಕೀರಲಾಗುತ್ತದೆ. ಹಿಂದೆ ಶ್ರುತಿಪೆಟ್ಟಿಗೆ ಕೇಳಿಸುತ್ತಿದ್ದರೆ ಅದರ ಮನೆಯನ್ನು ಹಿಡಿದು ಸರಿಪಡಿಸಬಹುದು. ಭದ್ರಾವತಿ ಆಕಾಶವಾಣಿಯಿಂದ ತುಂಬಿಸಿಕೊಂಡ ಕ್ಯಾಸೆಟ್ಟಾದರೆ ಇನ್ನೂ ಸುಲಭ. 1965ರಲ್ಲಿ ಶುರುವಾದ ಆ ನಿಲಯದ ಕಾರ್ಯಕ್ರಮಗಳನ್ನು ರೇಡಿಯೋದಿಂದಲೇ ಹಿಡಿದಿಟ್ಟ ಮನೆಗಳು ಇಲ್ಲಿ ಇವೆ. ಬೆಳಗಿನ ಪ್ರಸಾರದ ಆರಂಭದ ಸಿಗ್ನೇಚರ್ ಟ್ಯೂನ್, ವಾಲ್ಟರ್ ಕಾಫ್‌ಮನ್ ರಚಿಸಿದ ಆ ಶಿವರಂಜಿನಿ, ಅದರಲ್ಲಿ ಸಿಕ್ಕಿದ್ದರೆ ಒಳ್ಳೆಯ ಪ್ರತಿಯೊಂದಿಗೆ ಹೋಲಿಸಿ ವೇಗ ಲೆಕ್ಕ ಹಾಕಿ. ಈ ತಿದ್ದುಪಡಿಯನ್ನು ಪ್ರತಿಯಲ್ಲಿ ಮಾಡಿ, ಮೂಲ ಫೈಲಿನಲ್ಲಿ ಬೇಡ.

ಫೈಲು

ಮೂಲ ಫೈಲು ವೇವ್ ರೂಪದಲ್ಲೇ ಇರಲಿ. 24 ಬಿಟ್, ಕಡಿಮೆಯೆಂದರೆ 48 ಕಿಲೋಹರ್ಟ್ಸ್. ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘವಾದ ಐಎಎಸ್‌ಎ 96 ಕಿಲೋಹರ್ಟ್ಸ್ ಹೇಳುತ್ತದೆ. 48ರಲ್ಲಿ ಒಂದು ಗಂಟೆಗೆ ಸುಮಾರು 1 ಜಿಬಿ ಜಾಗ ಬೇಕು. ಇವತ್ತಿನ ಹಾರ್ಡ್ ಡಿಸ್ಕಿಗೆ ಅದೇನೂ ಭಾರವಲ್ಲ. ಎಂಪಿ3 ಹಂಚುವುದಕ್ಕೆ ಮಾತ್ರ.

ಮೂಲ ಫೈಲಿಗೆ ಕತ್ತರಿ ಹಾಕಬೇಡಿ, ‘ಗದ್ದಲ ತೆಗೆಯುವ’ ಗುಂಡಿ ಒತ್ತಬೇಡಿ. ಹಾಡಿನ ನಡುವಿನ ಕೆಮ್ಮು, ‘ಕಾಫಿ ತಗೊಳ್ಳಿ’ ಎಂಬ ಕೂಗು, ಹೆಂಚಿನ ಮೇಲೆ ಸುರಿಯುವ ಮಳೆ, ಭದ್ರಾವತಿಯ ಕ್ವಾರ್ಟರ್ಸಿನ ಮನೆಯಾದರೆ ದೂರದ ಕಾರ್ಖಾನೆಯ ಸೈರನ್, ಇವೆಲ್ಲವೂ ಆ ದಿನದ ದಾಖಲೆಯೇ. ಶುದ್ಧಮಾಡುವ ತಂತ್ರಾಂಶಕ್ಕೆ ಅಜ್ಜಿಯ ಉಸಿರಿಗೂ ಟೇಪಿನ ಸದ್ದಿಗೂ ವ್ಯತ್ಯಾಸ ತಿಳಿಯದು, ಎರಡನ್ನೂ ಅಳಿಸುತ್ತದೆ.

ಎರಡು ಬೇರೆ ಡಿಸ್ಕುಗಳಲ್ಲಿ ಇಡಿ, ಒಂದು ಬೇರೆ ಊರಿನ ನೆಂಟರ ಮನೆಯಲ್ಲಿರಲಿ. ಪೆನ್‌ಡ್ರೈವ್ ಒಂದನ್ನೇ ನಂಬಬೇಡಿ. ವರ್ಷಕ್ಕೊಮ್ಮೆ ತೆರೆದು ನೋಡಿ. ಫೈಲು ಆಯಿತೆಂದು ಕ್ಯಾಸೆಟ್ ಎಸೆಯಬೇಡಿ, ಗುಜರಿಗೂ ಹಾಕಬೇಡಿ. ಮುಂದೆ ಇದಕ್ಕಿಂತ ಒಳ್ಳೆಯ ಯಂತ್ರದಲ್ಲಿ ಓದಿಸುವ ಅವಕಾಶ ಬರಬಹುದು.

ಕಂಪನಿಯ ಕ್ಯಾಸೆಟ್, ಆಕಾಶವಾಣಿಯ ಕಾರ್ಯಕ್ರಮ ಇವನ್ನು ನಿಮ್ಮ ಮನೆಯಲ್ಲಿ ಕೇಳಿಕೊಳ್ಳಿ, ಅಂತರ್ಜಾಲಕ್ಕೆ ಏರಿಸಬೇಡಿ. 1957ರ ಹಕ್ಕುಸ್ವಾಮ್ಯ ಕಾಯ್ದೆಯಂತೆ ಧ್ವನಿಮುದ್ರಿಕೆಯ ಹಕ್ಕು 60 ವರ್ಷ ಇರುತ್ತದೆ. ಖಾಸಗಿಯಾಗಿ ತುಂಬಿಸಿಕೊಂಡ ಗಮಕವನ್ನು ಹಂಚುವ ಮುನ್ನವೂ ಆ ಮನೆಯವರನ್ನು ಕೇಳಿ.

ಅಂಗಡಿಗೆ ಕೊಡುವುದಾದರೆ ಇಡೀ ಚೀಲ ಒಪ್ಪಿಸಿ ಬರಬೇಡಿ. ಮೊದಲು ಒಂದೇ ಕ್ಯಾಸೆಟ್ ಕೊಡಿ. ವೇವ್ ಫೈಲು ಕೊಡುತ್ತೀರಾ, ಹೆಡ್ ಹೊಂದಿಸುತ್ತೀರಾ ಎಂದು ಕೇಳಿ. ‘ಅದೇನು’ ಎಂದರೆ ಕ್ಯಾಸೆಟ್ ವಾಪಸ್ ತನ್ನಿ.

ಹೆಸರು ಬರೆದಿಡಿ

‘ಟೇಪ್ 1’, ‘ಹಳೇ ಹಾಡು’ ಎಂದು ಫೈಲಿಗೆ ಹೆಸರಿಡಬೇಡಿ. ಯಾರು, ಎಲ್ಲಿ, ಯಾವ ವರ್ಷ, ಯಾವ ಬದಿ ಎಂಬುದು ಹೆಸರಿನಲ್ಲೇ ಇರಲಿ. ಕ್ಯಾಸೆಟ್ಟಿನ ಕಾಗದದ ಮೇಲಿನ ಕೈಬರಹದ ಫೋಟೋ ಜೊತೆಗಿರಲಿ. ಡೆಕ್ ಮುಂದಿನ ವರ್ಷವೂ ಸಿಕ್ಕೀತು, ರಿಪೇರಿಯೂ ಆದೀತು. ಆದರೆ ‘ಇದು ತೀರ್ಥಹಳ್ಳಿ ಚಿಕ್ಕಮ್ಮ, ಹಿಂದೆ ನಗ್ತಿರೋದು ನಿಮ್ಮಪ್ಪ’ ಎಂದು ಗುರುತಿಸಬಲ್ಲವರು ಮನೆಯಲ್ಲಿ ಒಬ್ಬಿಬ್ಬರೇ ಉಳಿದಿರುತ್ತಾರೆ, ಅವರಿಗೆ ವಯಸ್ಸಾಗಿರುತ್ತದೆ. ಆದ್ದರಿಂದ ಮೊದಲ ಫೈಲು ಸಿದ್ಧವಾದ ದಿನವೇ ಅವರ ಪಕ್ಕ ಕೂತು ಕೇಳಿಸಿ, ಅವರು ಹೇಳುವ ಹೆಸರುಗಳನ್ನು ಪುಸ್ತಕದಲ್ಲಿ ಬರೆದುಕೊಳ್ಳಿ. ಎಲ್ಲ ಕ್ಯಾಸೆಟ್ ಮುಗಿಯಲಿ ಎಂದು ಕಾಯಬೇಡಿ.